ಕಾಶಿಯಲ್ಲಿ ಆಶ್ವೀಜ

ವೀರಮ್ಮನ ಟ್ರಂಕು ಅಂಗಳಕ್ಕೆ ಬಂದಿತ್ತು. ಬೀಗ ಕೆಟ್ಟಿದ್ದರಿಂದ ಹಳೆಯ ಸೀರೆಯ ಅಂಚು ಹರಿದು ಅದನ್ನು ಅಡ್ಡುದ್ದ ಬಿಗಿದಿದ್ದರು. ಬಾಗಿಲು ದಾಟಿದ ವಚನಾಳ ಕಣ್ಣಿಗೆ ಮೊದಲು ಬಿದ್ದದ್ದು ಅದೇ. ಅವಳ ಚೀಲದಲ್ಲಿ ಸ್ಟೀಲ್ ಲೋಟಗಳಿದ್ದವು. ಅಧ್ಯಯನದಲ್ಲಿ ಭಾಗವಹಿಸಿದ ಪ್ರತಿ ಮುದುಕಿಗೂ ಒಂದೊಂದು ಲೋಟ ಕೊಟ್ಟು ಬರುವುದು ಅವತ್ತಿನ ಕೆಲಸ. ಲೋಟದ ಮೇಲೆ ಹಿಂದಿಯಲ್ಲಿ ‘ನಿಮ್ಮ ನೆನಪು, ನಮ್ಮ ಹೊಣೆ’ ಎಂದು ಕೆತ್ತಿಸಿದ್ದರು.

ಗೋದೌಲಿಯಾದ ಹಿಂದಿನ ಗಲ್ಲಿಯಲ್ಲಿರುವ ಈ ವಿಶ್ರಾಂತಿ ನಿಲಯ ಕರ್ನಾಟಕದ ಮಠವೊಂದರ ಟ್ರಸ್ಟಿಗೆ ಸೇರಿದ್ದು. ಕಾಶಿಯಲ್ಲೇ ಕಣ್ಣು ಮುಚ್ಚಬೇಕೆಂದು ಬಂದ ವಿಧವೆಯರು ಇಲ್ಲಿ ಒಂದೊಂದು ಕೋಣೆ ಹಿಡಿದು, ತಮ್ಮ ಅಡುಗೆ ತಾವೇ ಮಾಡಿಕೊಂಡು, ಸಾವು ತಡವಾದದ್ದಕ್ಕೆ ಒಬ್ಬರ ಮೇಲೊಬ್ಬರು ಸಿಡುಕುತ್ತ ಇರುತ್ತಾರೆ. ವಚನಾಳ ಅಪ್ಪ ಸೋಮಲಿಂಗಯ್ಯ ಅದೇ ಮಠದಲ್ಲಿ ಪೂಜೆಗಿದ್ದಾನೆ. ಅವಳು ಹುಟ್ಟಿದ್ದು ಕಾಶಿಯಲ್ಲಿ, ಓದಿದ್ದು ಹಿಂದಿಯಲ್ಲಿ. ಈಗ ಅಸ್ಸಿ ಕಡೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಗುತ್ತಿಗೆ ಕೆಲಸ. ಕಾಶಿವಾಸಕ್ಕೆ ಬಂದ ಹೆಂಗಸರ ನೆನಪಿನ ಶಕ್ತಿ ಎಷ್ಟಿದೆ ಎಂದು ಅಳೆಯುವ ಯೋಜನೆ ಅದು. ಕನ್ನಡ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಅವಳನ್ನು ತೆಗೆದುಕೊಂಡಿದ್ದರು.

ವೀರಮ್ಮ ಮೆಟ್ಟಿಲ ಮೇಲೆ ಕೂತು ಹಸಿ ಬಟಾಣಿ ಬಿಡಿಸುತ್ತಿದ್ದಳು.

“ಎಲ್ಲಿಗೆ ಹೊರಟ್ರಿ ಆಯಿ?” ಎಂದಳು ವಚನಾ.

“ನಾ ಎಲ್ಲಿಗೂ ಹೊಂಟಿಲ್ಲ. ಟ್ರಂಕು ಹೊಂಟೈತಿ.”

“ಅಂದ್ರೆ?”

“ಅವನ್ನ ಕೇಳು.” ಮುದುಕಿ ಗದ್ದದಿಂದ ಆಫೀಸ್ ಕೋಣೆಯನ್ನು ತೋರಿಸಿದಳು.

ನಿಲಯದ ವ್ಯವಸ್ಥಾಪಕ ಕುಮಾರಯ್ಯ ಹಾವೇರಿ ಕಡೆಯವನು. ಕಾಶಿಗೆ ಬಂದು ಕಲಿತದ್ದು ಹಿಂದಿ ಮತ್ತು ಪಾನ್. ಬಾಯಿಯ ರಸ ಚೆಲ್ಲದಂತೆ ಮುಖ ಮೇಲೆತ್ತಿ ಮಾತಾಡುತ್ತಿದ್ದ. ಯಾರೊಂದಿಗೆ ಮಾತಾಡಿದರೂ ಛಾವಣಿ ನೋಡಿದಂತೆ ಇರುತ್ತಿತ್ತು.

“ಸೋಮವಾರ ಸಾರನಾಥಕ್ಕ ಕಳಸೋದೈತಿ. ಟ್ರಸ್ಟಿನ ಹೊಸಾ ಕಟ್ಟಡ. ನರ್ಸ್ ಅದಾರ, ಲಿಫ್ಟ್ ಐತಿ, ಹಿಂದ ತೋಟ ಐತಿ. ಇಲ್ಲೇನೈತಿ? ಕಡಿದಾದ ಮೆಟ್ಟಿಲಾ, ಮಂಗ್ಯಾ.”

“ಯಾಕೆ ಕಳಿಸ್ತೀರಿ?”

“ಯಾಕಂದ್ರ? ನೀವ ಕಳಸೀರಲ್ಲ ಕಾಗದಾ.”

ಮೇಜಿನ ಗಾಜಿನ ಕೆಳಗಿನಿಂದ ಅವನು ಕಾಗದ ಎಳೆದು ಕೊಟ್ಟ. ವಚನಾ ಕೆಲಸ ಮಾಡುವ ಸಂಸ್ಥೆಯದೇ ತಲೆಬರಹ. ನಿಲಯದ ಹೆಂಗಸರ ಹೆಸರುಗಳು, ಎದುರಿಗೆ ಒಂದೊಂದು ಪದ. ವೀರಮ್ಮನ ಎದುರು ‘ಸ್ಮೃತಿ ಕಮ್ಜೋರ್’ ಎಂದಿತ್ತು. ನೆನಪು ದುರ್ಬಲ.

“ಇದು ನಿಮಗೆ ಬರಬಾರದಿತ್ತು,” ಎಂದಳು ವಚನಾ.

“ಬಂತಲ್ಲ. ಒಳಗ ಬಂದು ಕೇಳಾಕ ನಿಮ್ಮವರು ಪರ್ಮಿಷನ್ ಬೇಡಿದ್ರು. ರಿಪೋರ್ಟ್ ನಮಗೂ ಕೊಡ್ರಿ ಅಂತ ಟ್ರಸ್ಟಿನವರು ಅಂದ್ರು. ಕೊಟ್ರು. ಇನ್ನ ನಾ ಕಣ್ಣು ಮುಚ್ಕೊಂಡು ಕುಂದ್ರಾಕ ಆಗತೈತೇನು? ಹೋದ ವರ್ಷ ಒಬ್ಬಾಕಿ ಗ್ಯಾಸ್ ಹಚ್ಚಿ ಮರತು ಗಂಗಾಸ್ನಾನಕ್ಕ ಹೋಗಿದ್ಲು. ಅವತ್ತು ಹೆಂಗೋ ಉಳದ್ವಿ. ನಾಳೆ ಈಕಿ ಬಿದ್ಲಂದ್ರ, ಕಾಗದಾ ಬಂದಿದ್ರೂ ಯಾಕ ಇಟ್ಕೊಂಡಿ ಅಂತ ಪೊಲೀಸರು ನನ್ನ ಕೇಳ್ತಾರ, ನಿನ್ನ ಅಲ್ಲ.”

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ವಚನಾಳಿಗೆ ದಣಿವಾಯಿತು.

ಹೊರಗಿನಿಂದ ವೀರಮ್ಮ ಕೂಗಿ ಹೇಳಿದಳು: “ಯಾರಿಗೂ ಹೇಳಂಗಿಲ್ಲ ಅಂದಿದ್ದಿ, ತಂಗಿ.”

ಅಂದದ್ದು ನಿಜ. ಒಪ್ಪಿಗೆ ಪತ್ರವನ್ನು ವಚನಾಳೇ ಓದಿ ಹೇಳಿದ್ದಳು. ನಿಮ್ಮ ಉತ್ತರ ಗುಟ್ಟಾಗಿರುತ್ತದೆ, ಇದರಿಂದ ನಿಮಗೆ ಯಾವ ತೊಂದರೆಯೂ ಆಗುವುದಿಲ್ಲ, ಬೇಡವೆನಿಸಿದರೆ ನಡುವೆಯೇ ಏಳಬಹುದು. ಮುದುಕಿ ಆಗ, “ಏಳಾಕ ಮೊಣಕಾಲು ಬೇಕಲ್ಲ, ಕೇಳು” ಎಂದಿದ್ದಳು.

ವಚನಾ ಹೊರಗೆ ಬಂದು ಅವಳ ಪಕ್ಕ ಕೂತಳು. ತಾನೂ ಒಂದು ಹಿಡಿ ಬಟಾಣಿ ಎತ್ತಿಕೊಂಡಳು.

“ಸಾರನಾಥ ದೂರವೇನಿಲ್ಲ ಆಯಿ. ಆಟೋದಲ್ಲಿ ಹೋದ್ರೆ ಥೋಡಾ ಹೊತ್ತು. ನಾನು ಬಂದು ನೋಡ್ತೀನಿ.”

“ನಡುವ ಹೊಳಿ ಐತೋ ಇಲ್ಲೋ?”

“ವರುಣಾ ಇದೆ.”

“ವರುಣಾ ದಾಟಿದ್ರ ಕಾಶಿ ಅಲ್ಲ. ಈ ಕಡೆ ಅಸ್ಸಿ, ಆ ಕಡೆ ವರುಣಾ. ನಡುವ ಸತ್ರ ಕಾಶಿಯಾಗ ಸತ್ತಂಗ. ದಾಟಿ ಸತ್ರ ನಮ್ಮೂರು ರೋಣದಾಗ ಸತ್ತಂಗ. ರೋಣದಾಗ ಸಾಯಾಕ ಮೂರು ರೈಲು ಬದಲಿ ಮಾಡಿ ಬರಬೇಕಿತ್ತೇನು?”

ಕುಮಾರಯ್ಯ ಬಾಗಿಲಿಗೆ ಬಂದು ನಿಂತಿದ್ದ. “ಕೊರಳಾಗ ಲಿಂಗ ಕಟ್ಟಿದಾಕಿಗೆ ಕಾಶಿ ಯಾಕಬೇ? ಲಿಂಗ ಸಾರನಾಥಕ್ಕೂ ಬರತೈತಿ.”

“ಬರತೈತಿ. ಲಿಂಗ ಎಲ್ಲಿಗಾದ್ರೂ ಬರತೈತಿ. ಸ್ವಾಮಿಗಳು ಮತ್ಯಾಕ ಇಲ್ಲೇ ಮಠ ಕಟ್ಟಿದ್ರು? ಅವರನ್ನ ಮೊದಲ ಸಾರನಾಥಕ್ಕ ಕಳಸು, ಹಿಂದಿಂದ ನಾ ಬರತೀನಿ.” ಅವಳು ಸಿಪ್ಪೆಯನ್ನು ಅವನ ಕಾಲ ಹತ್ತಿರ ಎಸೆದಳು. “ಅದೂ ಇಂಥ ತಿಂಗಳದಾಗ. ಕಾರ್ತೀಕ ಹುಟ್ಟಿ ಮೂರ ದಿನಾ ಆಗಿಲ್ಲ. ಕಾರ್ತೀಕದಾಗ ಗಂಗಿ ಬಿಡಸ್ತಾರ.”

“ಕಾರ್ತಿಕ ಅರ್ಧ ಮುಗೀತು ಆಯಿ,” ಎಂದಳು ವಚನಾ. ಮುದುಕಿಯ ಬಗ್ಗೆ ಅವಳಿಗೆ ಕನಿಕರ ಹುಟ್ಟಿತು. ನೆನಪು ನಿಜಕ್ಕೂ ಹೋಗುತ್ತಿದೆ ಎನಿಸಿತು.

“ಯಾರಂದ್ರು?”

“ದೀಪಾವಳಿ ಕಳೀತಲ್ಲ.”

“ಕಳೀತು. ದೀಪಾವಳಿ ಅಮಾಸಿಗೆ ಆಶ್ವೀಜ ತೀರಿತು. ಮರುದಿನ ಪಾಡ್ಯ, ಕಾರ್ತೀಕ ಹುಟ್ಟಿತು. ಇವತ್ತ ತದಿಗಿ.”

ವಚನಾ ಕುಮಾರಯ್ಯನ ಮುಖ ನೋಡಿದಳು.

“ಖರೇ ಹೇಳ್ತಾಳ,” ಎಂದ ಅವನು. “ನಮ್ಮ ಕಡೆ ತಿಂಗಳು ಅಮಾಸಿಗೆ ತೀರತೈತಿ. ಇಲ್ಲಿಯವರಿಗೆ ಹುಣ್ಣಿಮಿಗೆ. ಅಮಾಸಿಗೂ ಮೊದಲ ಹದಿನೈದು ದಿನಾ ನಮಗ ಆಶ್ವೀಜ, ಇವರಿಗೆ ಕಾರ್ತೀಕ. ಸೋಮಲಿಂಗಯ್ಯನ ಮನಿಯಾಗ ಪಂಚಾಂಗ ಇಲ್ಲೇನು?”

ಇತ್ತು. ಅಡುಗೆಮನೆಯ ಬಾಗಿಲ ಹಿಂದೆ, ಪ್ರತಿ ಯುಗಾದಿಗೆ ಹೊಸದು. ಅದರ ಕೆಳಗೇ ಕೂತು ಅವಳು ಹುಟ್ಟಿದಾಗಿನಿಂದ ಉಂಡಿದ್ದಳು. ಆದರೆ ಕನ್ನಡ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ತಾಳ್ಮೆ ತೀರುತ್ತಿತ್ತು. ಶಾಲೆಯಲ್ಲಿ, ಗಲ್ಲಿಯಲ್ಲಿ, ಘಾಟಿನಲ್ಲಿ ತಿಂಗಳೆಂದರೆ ಒಂದೇ.

ಪರೀಕ್ಷೆ ನಡೆಸಿದ್ದು ದೀಪಾವಳಿಗೆ ಮೊದಲಿನ ವಾರ. ಈಗ ಯಾವ ತಿಂಗಳು ಎಂದು ಕೇಳಿದ್ದಳು. ಮುದುಕಿ ತಡವಿಲ್ಲದೆ ಆಶ್ವೀಜ ಎಂದಿದ್ದಳು. ಆಗಲೇ ಘಾಟುಗಳ ಮೇಲೆ ಬಿದಿರ ತುದಿಗೆ ಕಾರ್ತಿಕದ ಆಕಾಶದೀಪ ಏರಿಸಿದ್ದರು, ಇಡೀ ಊರು ಕಾರ್ತಿಕಸ್ನಾನ ಮಾಡುತ್ತಿತ್ತು. ಅಯ್ಯೋ, ಹಿಂದಿನ ತಿಂಗಳಲ್ಲೇ ಉಳಿದಿದ್ದಾಳೆ ಎಂದುಕೊಂಡು ವಚನಾ ಸೊನ್ನೆ ಹಾಕಿದ್ದಳು. ಯಾವ ರಾಜ್ಯ ಎಂದದ್ದಕ್ಕೆ ಮುದುಕಿ ವಿಶ್ವನಾಥನ ರಾಜ್ಯ ಎಂದಿದ್ದಳು, ಅದಕ್ಕೂ ಸೊನ್ನೆ. ಅದು ಹೋಗಲಿ. ನೆನಪು ಸರಿಯಿದೆ ಎನ್ನುವ ಗೆರೆಯಿಂದ ವೀರಮ್ಮ ಕೆಳಗೆ ಬಿದ್ದದ್ದು ಒಂದೇ ಅಂಕಕ್ಕೆ. ಆ ಅಂಕ ಆಶ್ವೀಜದ್ದು.

“ನಿಮಗೆ ಇದು ಗೊತ್ತಿತ್ತಲ್ಲ,” ಎಂದಳು ಕುಮಾರಯ್ಯನಿಗೆ.

“ನೀ ಏನ್ ಕೇಳಿದಿ, ಆಕಿ ಏನ್ ಹೇಳಿದ್ಲು, ನನಗೇನು ಗೊತ್ತು? ನನಗ ಬಂದದ್ದು ಬರೇ ಕಮ್ಜೋರ್.”

“ಈಗ ಗೊತ್ತಾಯ್ತಲ್ಲ. ಬಿಟ್ಬಿಡಿ.”

“ಬಾಯಿ ಮಾತಿಗೆ ಬಿಡಾಕ ಬರಂಗಿಲ್ಲವಾ. ಕಾಗದಾ ಬಂದೈತಿ. ಕಾಗದಕ್ಕ ಕಾಗದನ ಬೇಕು. ನಿಮ್ಮವರ ಕಡಿಂದ ತಂದು ಕೊಡು, ನನಗೇನು ಈಕಿನ ಓಡಿಸೋ ಹುರುಪಿಲ್ಲ.”

ಲೋಟ ಕೊಡುವುದು ಮರೆತೇ ಹೋಗಿತ್ತು. ಹೊರಡುವಾಗ ನೆನಪಾಗಿ ಕೊಟ್ಟಳು. ವೀರಮ್ಮ ಅಕ್ಷರಗಳ ಮೇಲೆ ಬೆರಳಾಡಿಸಿ, “ಏನಂತ ಬರದಾರ?” ಎಂದಳು. ವಚನಾ ಚೀಲ ಹೆಗಲಿಗೇರಿಸಿಕೊಂಡಳು.

ಮರುದಿನ ಬೆಳಿಗ್ಗೆ ಅವಳು ಸಂಸ್ಥೆಯ ನೈತಿಕತಾ ಸಮಿತಿಯ ಕಚೇರಿಗೆ ಹೋದಳು. ಯೋಜನೆಯ ಮುಖ್ಯಸ್ಥರಿಗೆ ಹಿಂದಿನ ಸಂಜೆಯೇ ಫೋನ್ ಮಾಡಿದ್ದಳು. ಅವರು, ಅಂಕಿಅಂಶಕ್ಕೆ ಬೀಗ ಬಿದ್ದಾಗಿದೆ, ಇನ್ನು ತಿದ್ದಲು ಬರುವುದಿಲ್ಲ, ಮರುಪರೀಕ್ಷೆ ಆರು ತಿಂಗಳಾದ ಮೇಲೆ, ಎಂದು ಹೇಳಿ ಇಟ್ಟುಬಿಟ್ಟಿದ್ದರು. ಸಂಶೋಧನೆಗೆ ಒಳಗಾದವರ ಹಕ್ಕು ಕಾಯುವುದು ಈ ಸಮಿತಿಯ ಕೆಲಸ. ಸಮಿತಿ ಎಂದರೆ ದಿನನಿತ್ಯಕ್ಕೆ ನಿಗಮ್ ಮೇಡಂ ಒಬ್ಬಳೇ. ನಿವೃತ್ತಿಗೆ ಹತ್ತಿರವಾದ ಹೆಂಗಸು. ಕೋಣೆಯಲ್ಲಿ ಹಳೆಯ ಹೊದಿಕೆ ಹೊದ್ದ ಕೂಲರ್, ಕಪಾಟು ತುಂಬ ಕಡತ. ಅವಳು ಸೀಬೆಹಣ್ಣಿಗೆ ಉಪ್ಪು ಹಚ್ಚಿ ತಿನ್ನುತ್ತ ಎಲ್ಲವನ್ನೂ ಕೇಳಿದಳು. ಮಾತು ಹಿಂದಿಯಲ್ಲೇ ನಡೆಯಿತು.

“ಸರಿಯುತ್ತರದ ಪಟ್ಟಿಯಲ್ಲಿ ಏನಿದೆ?” ಎಂದಳು.

“ಇಂಗ್ಲಿಷ್ ತಿಂಗಳು, ಇಲ್ಲವೇ ಹಿಂದೂ ತಿಂಗಳು.”

“ಯಾರ ಹಿಂದೂ ತಿಂಗಳು ಎಂದು ಬರೆದಿಲ್ಲ.”

“ಇಲ್ಲ.”

“ಕನ್ನಡದವರು ಮಾತ್ರವೇ?”

ವಚನಾ ರಾತ್ರಿಯಿಡೀ ಯೋಚಿಸಿದ್ದು ಅದನ್ನೇ. “ತೆಲುಗಿನವರದೂ ಹೀಗೇ ಅಂತೆ. ಮರಾಠಿಯವರದೂ. ಅಪ್ಪ ಹೇಳಿದ. ಬಂಗಾಳಿಗಳ ಲೆಕ್ಕ ಇನ್ನೂ ಬೇರೆ.”

ನಿಗಮ್ ಮೇಡಂ ಸೀಬೆಯ ಹೋಳನ್ನು ಕೆಳಗಿಟ್ಟಳು. “ಅಂದರೆ ಆ ವಾರ ಕೇಳಿದ ಅರ್ಧಕ್ಕರ್ಧ ಮುದುಕಿಯರು ಹುಚ್ಚಿಯರಾದರು.”

“ಹುಚ್ಚಿಯರಲ್ಲ, ಕಮ್ಜೋರ್.”

“ಎರಡಕ್ಕೂ ಸಾರನಾಥದ ಆಟೋ ಒಂದೇ.” ಅವಳು ಕೈ ಒರೆಸಿಕೊಂಡಳು. “ನೋಡು ಬೇಟಾ, ತಿಂಗಳ ಮಾತನ್ನು ಮುಂದೆ ಇಡಬೇಡ. ಕಾಶಿಯಲ್ಲಿ ತಿಂಗಳ ಮಾತು ಎತ್ತಿದರೆ ಪಂಡಿತರು ಬರುತ್ತಾರೆ, ಬಂದರೆ ಹೋಗುವುದಿಲ್ಲ. ಫಲಿತಾಂಶ ಹೊರಗೆ ಹೋದದ್ದನ್ನು ಹಿಡಿ. ಅದಕ್ಕೆ ನಿಯಮವಿದೆ. ಭಾಗವಹಿಸಿದವರ ವಿಷಯ ಮೂರನೆಯವರಿಗೆ ಕೊಡಕೂಡದು. ಆಕೆಯಿಂದ ದೂರು ಬರೆಸಿಕೊಂಡು ಬಾ.”

“ಬರೆಸುತ್ತೇನೆ.”

“ತಡಿ. ದೂರು ಕೊಡುವವರು ಸ್ವಸ್ಥ ಬುದ್ಧಿಯವರಾಗಿರಬೇಕು. ನಮ್ಮದೇ ಕಾಗದ ಆಕೆ ಅಲ್ಲ ಅನ್ನುತ್ತಿದೆ. ಆಗ ಪಾಲಕರ ಸಹಿ ಬೇಕಾಗುತ್ತದೆ.”

“ಪಾಲಕರು ಯಾರು?”

“ವೃದ್ಧಾಶ್ರಮದಲ್ಲಿ ಇರುವವರಿಗೆ, ಅಲ್ಲಿನ ವ್ಯವಸ್ಥಾಪಕ.”

ವಚನಾಳಿಗೆ ನಗು ಬಂತು. ನಿಗಮ್ ಮೇಡಂಗೂ ಬಂತೇನೋ, ಅವಳು ಕಿಟಕಿ ಕಡೆ ತಿರುಗಿದಳು. ಹೊರಗೆ ಛಠ್ ಹಬ್ಬಕ್ಕೆ ಕಬ್ಬಿನ ಕಟ್ಟು ಹೊತ್ತವರು ಸಾಲಾಗಿ ಹೋಗುತ್ತಿದ್ದರು.

“ಇನ್ನೊಂದು ದಾರಿ ಇದೆ,” ಎಂದಳು ಅಲ್ಲಿಂದಲೇ. “ಪರೀಕ್ಷೆ ನಡೆಸುವಾಗ ತಪ್ಪು ಮಾಡಿದವರೇ ಬರೆದುಕೊಡಬಹುದು. ನಾನು ತಪ್ಪು ಅಂಕ ಹಾಕಿದೆ, ಆ ಅಂಕ ಹೊರಗೆ ಹೋಯಿತು, ಅದರಿಂದ ಇಂಥವರಿಗೆ ಹಾನಿಯಾಗುತ್ತಿದೆ ಎಂದು. ಅದು ಬಂದರೆ ನಾನು ತನಿಖೆ ತೆರೆಯಲೇಬೇಕು. ನಿಯಮ.”

“ನಾನು ಬರೆಯಬೇಕು.”

“ಬರೆಯಲೇಬೇಕು ಎಂದು ನಾನು ಹೇಳಿಲ್ಲ. ನಿನ್ನ ಗುತ್ತಿಗೆ ಮಾರ್ಚಿನಲ್ಲಿ ಮುಗಿಯುತ್ತದೆ, ಅಲ್ಲವೇ?”

“ಹೌದು.”

“ನವೀಕರಿಸುವವರು ಯೋಜನೆಯ ಮುಖ್ಯಸ್ಥರು. ಕಾಗದ ಕಳಿಸಿದವರೂ ಅವರೇ.” ಅವಳು ಮತ್ತೆ ಸೀಬೆಗೆ ಕೈ ಹಾಕಿದಳು. “ಗೊತ್ತಿರಲಿ ಎಂದು ಹೇಳಿದೆ.”

ವಚನಾ ಕಾರಿಡಾರಿನ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದಳು. ಈ ಕೆಲಸದ ಮೇಲೆ ಅವಳಿಗೆ ಅಂಥ ಪ್ರೀತಿಯೇನೂ ಇರಲಿಲ್ಲ. ಪ್ರೀತಿ ಇದ್ದದ್ದು ಗುತ್ತಿಗೆಯ ಜೊತೆ ಸಿಕ್ಕಿದ್ದ ಗ್ರಂಥಾಲಯದ ಕಾರ್ಡಿನ ಮೇಲೆ. ಅಲ್ಲಿ ಕಿಟಕಿ ಪಕ್ಕದ ಒಂದು ಕುರ್ಚಿ ಅವಳದೇ ಎಂಬಂತಾಗಿತ್ತು. ಕೆಲಸ ಮುಗಿಸಿ ಅಲ್ಲಿ ಕೂತು ಅಧ್ಯಾಪಕರ ಅರ್ಹತಾ ಪರೀಕ್ಷೆಗೆ ಓದುತ್ತಿದ್ದಳು. ಮನೆಯ ಎರಡು ಕೋಣೆಗಳಲ್ಲಿ ಮಠಕ್ಕೆ ಬಂದ ಯಾರಾದರೂ ಯಾತ್ರಿಕರು ಯಾವಾಗಲೂ ಮಲಗಿರುತ್ತಿದ್ದರು.

ಬರೆಯದೆ ಇರಲು ಕಾರಣಗಳು ಸಾಕಷ್ಟಿದ್ದವು. ಮುದುಕಿಗೆ ಸಾರನಾಥದಲ್ಲಿ ನಿಜಕ್ಕೂ ಲಿಫ್ಟ್ ಇತ್ತು. ವರುಣಾದ ಆಚೆ ಸತ್ತರೆ ಏನಾಗುತ್ತದೆ ಎಂಬುದನ್ನು ವಚನಾ ನಂಬುವವಳೂ ಅಲ್ಲ. ಆದರೆ ಎಲ್ಲಿ ಸಾಯಬೇಕೆಂದು ನಂಬುವ ಹಕ್ಕು ಸಾಯುವವರದು. ಸೊನ್ನೆ ಹಾಕಿದ್ದು ತನ್ನ ಕೈ. ಇಷ್ಟು ಯೋಚಿಸುವಷ್ಟರಲ್ಲಿ ಅವಳಿಗೆ ಬೇಸರವಾಗಿ, ಬ್ಯಾಗಿನಿಂದ ಪೆನ್ನು ತೆಗೆದಳು.

ನಿಗಮ್ ಮೇಡಂ ಅವಳ ಬರಹ ಓದಿ, ಎರಡು ಕಡೆ ವ್ಯಾಕರಣ ತಿದ್ದಿಸಿ, ಪ್ರತಿಯ ಮೇಲೆ ‘ಪ್ರಾಪ್ತ’ ಎಂಬ ಮುದ್ರೆ ಒತ್ತಿದಳು. ಕೆಳಗೆ ಕೈಯಿಂದ ‘ಜಾಂಚ್ ಜಾರಿ’, ತನಿಖೆ ನಡೆಯುತ್ತಿದೆ, ಎಂದು ಬರೆದು ಸಹಿ ಮಾಡಿದಳು.

“ಇಷ್ಟೇನಾ?” ಎಂದಳು ವಚನಾ.

“ಸದ್ಯಕ್ಕೆ ಇಷ್ಟೇ. ಸಮಿತಿ ಸೇರಬೇಕು. ಅಧ್ಯಕ್ಷರು ವಿದೇಶದಲ್ಲಿದ್ದಾರೆ, ಇನ್ನೊಬ್ಬರು ರಾಜೀನಾಮೆ ಕೊಟ್ಟಿದ್ದಾರೆ.”

“ಸೋಮವಾರದೊಳಗೆ ಏನೂ ಆಗುವುದಿಲ್ಲ.”

“ಸೋಮವಾರದೊಳಗೆ ಈ ಕಟ್ಟಡದಲ್ಲಿ ಬಲ್ಬೂ ಬದಲಾಗುವುದಿಲ್ಲ, ಬೇಟಾ.”

ಶನಿವಾರ ಯೋಜನೆಯ ಮುಖ್ಯಸ್ಥರಿಂದ ಫೋನ್ ಬಂತು. ಅವರು ಬೈಯಲಿಲ್ಲ. ನೀನು ಮೊದಲು ನನ್ನ ಹತ್ತಿರ ಬರಬಹುದಿತ್ತು ಎಂದರು. ಬಂದಿದ್ದೆನಲ್ಲ ಸರ್ ಎಂದಳು. ಸೋಮವಾರದಿಂದ ಪರೀಕ್ಷೆ ನಡೆಸಲು ಹೋಗುವುದು ಬೇಡ, ಗುರುತಿನ ಚೀಟಿ ಮತ್ತು ಲೈಬ್ರರಿ ಕಾರ್ಡನ್ನು ಆಫೀಸಿನಲ್ಲಿ ಕೊಡು ಎಂದರು. ಮಾರ್ಚಿನವರೆಗೆ ಕಾಯುವ ಅಗತ್ಯ ಅವರಿಗೆ ಕಂಡಿರಲಿಲ್ಲ.

ಅಪ್ಪನಿಗೆ ಹೇಳಿದಾಗ ಅವನು ಪೂಜೆಯ ತಟ್ಟೆ ತೊಳೆಯುತ್ತಿದ್ದ. ತೊಳೆಯುತ್ತಲೇ, “ಒಂದ್ ಸಲ ಪಂಚಾಂಗ ನೋಡಿದ್ರ ಇಷ್ಟೆಲ್ಲಾ ಇರತಿರಲಿಲ್ಲ ನೋಡು,” ಎಂದ.

ಸೋಮವಾರ ಅವಳು ನಿಲಯಕ್ಕೆ ಹೋಗುವಷ್ಟರಲ್ಲಿ ಆಟೋ ಗಲ್ಲಿಯ ಬಾಯಿಗೆ ಬಂದು ನಿಂತಿತ್ತು. ಚಾಲಕ ಒಳಗೆ ಬಂದು ಟ್ರಂಕಿನ ಒಂದು ಹಿಡಿಕೆ ಎತ್ತಿ ನೋಡುತ್ತಿದ್ದ. ವೀರಮ್ಮ ಇನ್ನೊಂದು ತುದಿಯ ಮೇಲೆ ಕೂತಿದ್ದಳು. ಮೂರು ಮಹಡಿಯ ಕಟಕಟೆಗಳಿಂದಲೂ ಮುದುಕಿಯರು ಬಗ್ಗಿ ನೋಡುತ್ತಿದ್ದರು.

“ಮಾತಾಜೀ, ಉಠಿಯೇ,” ಎಂದ ಚಾಲಕ.

“ನನ್ನೂ ಕೂಡೇ ಎತ್ತು. ನನಗ ನೆನಪಿಲ್ಲಂತ, ಏಳೋದೂ ಮರತೇನಿ,” ಎಂದಳು ವೀರಮ್ಮ ಕನ್ನಡದಲ್ಲಿ. ಮೇಲಿನಿಂದ ಯಾರೋ ನಕ್ಕರು.

ವಚನಾ ಕುಮಾರಯ್ಯನಿಗೆ ಮುದ್ರೆ ಒತ್ತಿದ ಪ್ರತಿ ಕೊಟ್ಟಳು. ಅವನು ಬಾಗಿಲಿಗೆ ಹೋಗಿ ಪಾನ್ ಉಗಿದು ಬಂದ. ಅಂದರೆ ವಿಷಯ ಗಂಭೀರ. ಕಾಗದವನ್ನು ಮೇಲಿನಿಂದ ಕೆಳಗೆ ಓದಿ, ಕೊನೆಗೆ ಮುದ್ರೆಯ ಮೇಲೆ ಹೆಬ್ಬೆರಳಿಟ್ಟು ಶಾಯಿ ಹತ್ತುತ್ತದೆಯೇ ಎಂದು ನೋಡಿದ.

“ಆಕಿ ನೆನಪು ಸರಿ ಐತಿ ಅಂತ ಇದರಾಗೇನೂ ಇಲ್ಲ.”

“ಇಲ್ಲ.”

“ಬರೇ ಜಾಂಚ್ ಜಾರಿ ಅಂತೈತಿ.”

“ಅಷ್ಟೇ ಇದೆ.”

ಜಾಂಚ್ ಎಂಬ ಮಾತು ಕಿವಿಗೆ ಬಿದ್ದದ್ದೇ ವೀರಮ್ಮ ಟ್ರಂಕಿನ ಮೇಲಿಂದಲೇ ತಿರುಗಿದಳು. ಕಾಶಿಯಲ್ಲಿ ಅವಳು ಕಲಿತ ಕೆಲವೇ ಹಿಂದಿ ಮಾತುಗಳಲ್ಲಿ ಅದೂ ಒಂದು. ರಕ್ತ ತೆಗೆದರೆ ಜಾಂಚ್, ಕಣ್ಣು ನೋಡಿದರೆ ಜಾಂಚ್, ತಿಂಗಳು ಕೇಳಿದರೂ ಜಾಂಚ್.

“ಮತ್ತ ಜಾಂಚ? ನಾ ಕೂಡಂಗಿಲ್ಲ. ಒಮ್ಮೆ ಕೇಳಿದಿ, ಒಮ್ಮೆ ಹೇಳೇನಿ. ಅವತ್ತ ಆಶ್ವೀಜ ಇತ್ತು, ಆಶ್ವೀಜ ಅಂದೇನಿ. ಈಗ ಕಾರ್ತೀಕ ಅನ್ನಿಸಿ ಪಾಸ್ ಮಾಡ್ತೀರೇನು? ಮೊದಲ ಅವತ್ತಿಂದು ಸರಿ ಮಾಡ್ರಿ.”

“ನಿಮ್ಮ ಜಾಂಚ್ ಅಲ್ಲ ಆಯಿ,” ಎಂದಳು ವಚನಾ. “ನನ್ನ ಜಾಂಚ್.”

“ನಿನಗೇನಾಗೈತಿ?”

“ತಿಂಗಳು ಗೊತ್ತಿರಲಿಲ್ಲ.”

ವೀರಮ್ಮ ಅವಳನ್ನು ಒಮ್ಮೆ ನೋಡಿ, ಟ್ರಂಕಿನ ಮೇಲೆ ಸರಿದು ಕೂತಳು.

ಕುಮಾರಯ್ಯ ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡ. “ಜಾಂಚ್ ನಡದಾಗ ನಾ ಕೈ ಹಚ್ಚಂಗಿಲ್ಲ. ನಾಳೆ ಯಾವನಾರ ಬಂದು, ತನಿಖಿ ನಡದಿತ್ತು, ಆಕಿನ ಯಾಕ ಕದಲಿಸಿದಿ ಅಂದ್ರ ನಾನ ಸಿಗತೀನಿ. ಮುಗೀಲಿ, ಆಮ್ಯಾಲೆ ನೋಡೋಣು.” ಚಾಲಕನ ಕಡೆ ತಿರುಗಿ, “ಜಾಓ ಭೈಯಾ, ಆಜ್ ನಹೀಂ,” ಎಂದ. ಚಾಲಕ ಹಿಡಿಕೆ ಬಿಟ್ಟು, ಬೆಳಿಗ್ಗೆಯೇ ಹೇಳಬಾರದಿತ್ತೇ ಎಂದು ಭೋಜಪುರಿಯಲ್ಲಿ ಗೊಣಗುತ್ತ ಹೋದ.

“ಆದ್ರ ಮುದುಕಿ, ಮೆಟ್ಟಿಲ ಮ್ಯಾಗಿಂದ ಬಿದ್ದಿ ಅಂದ್ರ?” ಎಂದ ಕುಮಾರಯ್ಯ.

“ಬಿದ್ರ ಕಾಶಿಯಾಗ ಬೀಳತೀನಿ.”

ವಚನಾ ಟ್ರಂಕಿನ ಹಿಡಿಕೆ ಹಿಡಿದಳು. ಇನ್ನೊಂದು ತುದಿಗೆ ಕುಮಾರಯ್ಯ ಕೈ ಕೊಡುತ್ತಾನೆಂದು ಕಾದಳು. ಅವನು ಹೊಸ ಪಾನ್ ಕಟ್ಟುತ್ತಿದ್ದ. ಕೊನೆಗೆ ಒಬ್ಬಳೇ ಮೆಟ್ಟಿಲಿನ ಮೇಲೆ ಎಳೆಯತೊಡಗಿದಳು. ಮುದುಕಿ ಗೋಡೆ ಹಿಡಿದುಕೊಂಡು ಹಿಂದೆಯೇ ಹತ್ತಿದಳು. ಎರಡನೆಯ ತಿರುವಿನಲ್ಲಿ ಇಬ್ಬರೂ ಏದುಸಿರು ಬಿಡುತ್ತ ನಿಂತರು.

“ಈ ನಿನ್ನ ಜಾಂಚು ಎಷ್ಟ ದಿನಾ ನಡೀತೈತಿ?” ಎಂದಳು ವೀರಮ್ಮ.

“ಗೊತ್ತಿಲ್ಲ ಆಯಿ. ಕಮಿಟಿ ಸೇರಬೇಕು. ಅಧ್ಯಕ್ಷರು ಊರಲ್ಲಿಲ್ಲ. ವರ್ಷಗಟ್ಟಲೆ ಆಗಬಹುದು.”

ಮುದುಕಿ ಲೆಕ್ಕ ಹಾಕಿದಳು. ಅವಳ ತುಟಿ ಅಲುಗಾಡಿದ್ದು ಕಾಣಿಸಿತು.

“ಸಾಕಾತು ಬಿಡು,” ಎಂದಳು. “ಅಷ್ಟು ಬ್ಯಾಡ ನನಗ.”

ಟ್ರಂಕು ಕೋಣೆಗೆ ಮುಟ್ಟಿತು. ಗಂಟು ಬಿಗಿಯಾಗಿ ಬಿಚ್ಚಲಾರದೆ ವಚನಾ ಹಲ್ಲು ಹಚ್ಚಿದಳು. ಒಳಗೆ ಎಲ್ಲಕ್ಕಿಂತ ಮೇಲೆ ಆ ಸ್ಟೀಲ್ ಲೋಟವಿತ್ತು. ವೀರಮ್ಮ ಅದನ್ನು ತೆಗೆದು, ಹೂಜಿಯಿಂದ ನೀರು ಬಗ್ಗಿಸಿ ಕೊಟ್ಟಳು. ವಚನಾ ನಿಂತುಕೊಂಡೇ ಕುಡಿದಳು. ಲೈಬ್ರರಿ ಕಾರ್ಡು ಕೊಟ್ಟು ಬರಲು ಅವಳಿನ್ನೂ ಅಸ್ಸಿಯವರೆಗೆ ಹೋಗಬೇಕಿತ್ತು.